ಪ್ರಾಂತ್ಯವಲ್ಲ, ಆದ್ರೂ ತಂಡ ಇದೆ

ಮಂಜುಗಡ್ಡೆ ಮೇಲೆ ಸುಮಾರು 20 ಕೆಜಿ ಗ್ರಾನೈಟ್ ಕಲ್ಲು ಜಾರಿಸೋ ಆಟ ಕರ್ಲಿಂಗ್. ಕಲ್ಲಿನ ಮುಂದೆ ಬ್ರಷ್ ಹಿಡಿದು ಉಜ್ಜೋರನ್ನ ನೋಡಿ ನಗಬೇಡಿ. ಉಜ್ಜಿದರೆ ಘರ್ಷಣೆ ಕಡಿಮೆಯಾಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತೆ.

ಕೆನಡಾದ ಪುರುಷರ ರಾಷ್ಟ್ರೀಯ ಟೂರ್ನಿ ಬ್ರೈಯರ್. ಪ್ರಾಂತ್ಯಗಳ ತಂಡಗಳು ಅಲ್ಲಿ ಸೆಣಸುತ್ತವೆ. ಉತ್ತರ ಒಂಟಾರಿಯೊ ಪ್ರಾಂತ್ಯವೇ ಅಲ್ಲ, ಒಂಟಾರಿಯೊದ ಒಂದು ಭಾಗ. ಆದರೂ ಅದಕ್ಕೆ ಪ್ರತ್ಯೇಕ ಸ್ಥಾನ! ಹಾಗಾಗಿ ಅಲ್ಲಿ ಪ್ರತಿವರ್ಷ ನಡೆಯೋ ಪ್ರಾದೇಶಿಕ ಟೂರ್ನಿಗೆ ಅಷ್ಟು ಬೆಲೆ. ಸೂ ಸೇಂಟ್ ಮರೀ ಊರಿನ ಬ್ರ್ಯಾಡ್ ಜೇಕಬ್ಸ್ ತಂಡ ಅದನ್ನು ಗೆದ್ದೇ 2013ರ ಬ್ರೈಯರ್‌ಗೆ ಹೋಗಿದ್ದು. ಅದನ್ನೂ ಗೆದ್ದಿತು, 2014ರಲ್ಲಿ ಸೋಚಿ ಒಲಿಂಪಿಕ್ಸ್ ಚಿನ್ನವನ್ನೂ.

ಹೆಣ್ಣುಮಕ್ಕಳ ರಾಷ್ಟ್ರೀಯ ಟೂರ್ನಿಯಲ್ಲಿ ಈ ಪ್ರತ್ಯೇಕ ಅವಕಾಶ ಸಿಕ್ಕಿದ್ದು 2015ರಲ್ಲಿ. ಅಲ್ಲೀವರೆಗೆ ಅವರು ದಕ್ಷಿಣ ಒಂಟಾರಿಯೊದವರನ್ನೂ ಸೋಲಿಸಿಯೇ ಬರಬೇಕಿತ್ತು. ತೀರಾ ತಡವಾಯ್ತು ಅಂತೀನಿ ನಾನು.