ಹಳೆಯ ಮೋಟಾರಿನ ಮುಂದಿನ ಚಕ್ರಗಳು

ಹಳೆಯ ಮೋಟಾರು ಗಾಡಿಯನ್ನು ಅಕ್ಕರೆಯಿಂದ ಉಳಿಸಿಕೊಂಡು ಬಂದಿರುವ ಮನೆಗಳಲ್ಲಿ ಒಂದು ದೂರು ಆಗಾಗ ಕೇಳಿಬರುವುದುಂಟು. ಗಾಡಿ ನೆಟ್ಟಗೆ ಹೋಗುವುದಿಲ್ಲ. ಚುಕ್ಕಾಣಿಯ ಹಿಡಿತವನ್ನು ಕೊಂಚ ಸಡಿಲಿಸಿದರೆ ರಸ್ತೆಯ ಅಂಚಿನ ಕಡೆಗೆ ಸರಿಯುತ್ತದೆ. ಟೈರುಗಳು ಒಂದೇ ಮಗ್ಗುಲಿನಲ್ಲಿ ಸವೆಯುತ್ತವೆ. ಇದು ಮುದಿತನದ ಲಕ್ಷಣವೆಂದು ಸುಮ್ಮನಾಗುವವರೇ ಹೆಚ್ಚು. ಅನೇಕ ವೇಳೆ ಇದು ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಹೊಂದಿಕೊಂಡು ನಿಲ್ಲದಿರುವುದರ ಫಲ. ಈ ಹೊಂದಾಣಿಕೆಯನ್ನು ಮನೆಯಂಗಳದಲ್ಲಿ ಎಷ್ಟರ ಮಟ್ಟಿಗೆ ಮಾಡಿಕೊಳ್ಳಬಹುದು, ಎಲ್ಲಿ ಕೈ ತೆಗೆಯಬೇಕು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಉದಾಹರಣೆಗೆ ಮಾರಿಸ್ ಮೈನರ್ ಗಾಡಿಯನ್ನು ತೆಗೆದುಕೊಳ್ಳುತ್ತೇವೆ. ಅಲೆಕ್ ಇಸಿಗೋನಿಸ್ ಎಂಬಾತನು ರೂಪಿಸಿದ ಈ ಗಾಡಿ 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿತ್ತು. ಗಾಡಿಯ ಅಗಲ ಸಾಲದೆಂದು ತೋರಿ, ಮಾದರಿಯನ್ನು ಉದ್ದಕ್ಕೆ ಸೀಳಿ ನಾಲ್ಕು ಅಂಗುಲ ಅಗಲಿಸಿದನೆಂಬುದು ಪ್ರಸಿದ್ಧ ಸಂಗತಿ. ಚಕ್ರಗಳು ನೆಲದ ಮೇಲೆ ನಿಲ್ಲುವ ಬಗೆಯನ್ನು ಆತ ಅಷ್ಟು ಮುಖ್ಯವೆಂದೆಣಿಸಿದ್ದನು. ನಮ್ಮ ದೇಶದಲ್ಲಿ ಇದೇ ಗಾಡಿ ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಿಂದ ಓಡಾಡಿತು.

ಮುಂದಿನ ಚಕ್ರಗಳ ನಿಲುವಿನಲ್ಲಿ ಗಮನಿಸತಕ್ಕ ಓರೆಗಳು ಮೂರು. ಎದುರಿನಿಂದ ನೋಡಿದಾಗ ಚಕ್ರದ ತಲೆ ಹೊರಕ್ಕೆ ವಾಲಿರುವುದು ಕ್ಯಾಂಬರ್. ಮೈನರಿನಲ್ಲಿ ಇದು ಸುಮಾರು ಒಂದು ಡಿಗ್ರಿ. ಮಗ್ಗುಲಿನಿಂದ ನೋಡಿದಾಗ ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಇದು ಮೂರು ಡಿಗ್ರಿ. ಬೈಸಿಕಲ್ಲಿನ ಮುಂದಿನ ಕವಲು ಓರೆಯಾಗಿರುವುದರಿಂದ ಕೈಬಿಟ್ಟರೂ ಅದು ನೇರಕ್ಕೆ ಬರಲೆಳಸುವುದನ್ನು ನೋಡಿದವರಿಗೆ ಇದರ ಪ್ರಯೋಜನವನ್ನು ಹೇಳಬೇಕಾಗಿಲ್ಲ. ಈ ಎರಡನ್ನೂ ತಿರುಗಿಸಿ ಸರಿಪಡಿಸುವ ಏರ್ಪಾಡು ಮೈನರಿನಲ್ಲಿಲ್ಲ. ಅವು ಕೆಟ್ಟಿದ್ದರೆ ಯಾವುದೋ ಭಾಗ ಬಾಗಿದೆ, ಅಥವಾ ರಬ್ಬರಿನ ಬುಷ್ ಸವೆದಿದೆ ಎಂದರ್ಥ.

ನಮ್ಮ ಕೈಗೆ ಸಿಕ್ಕುವುದು ಮೂರನೆಯದು, ಟೋ-ಇನ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂದಣ ಅಂಚುಗಳು ಹಿಂದಣ ಅಂಚುಗಳಿಗಿಂತ ತುಸು ಹತ್ತಿರವಾಗಿರಬೇಕು. ಓಡುವಾಗ ನೆಲದ ತಡೆಯಿಂದ ಚಕ್ರಗಳು ಹೊರಕ್ಕೆ ತೆರೆದುಕೊಳ್ಳುವುದರಿಂದ ಅಷ್ಟನ್ನು ಮೊದಲೇ ಒಳಕ್ಕೆ ಕೊಟ್ಟಿರುತ್ತಾರೆ. ಮೈನರಿಗೆ ಹೇಳಿರುವ ಅಳತೆ, ರಿಮ್ಮಿನ ಬಳಿ, ಅಂಗುಲದ 32ರಲ್ಲಿ 3 ಭಾಗ. ಎಂದರೆ ಸುಮಾರು 2.4 ಮಿಲಿಮೀಟರು. ಇಷ್ಟು ಸಣ್ಣದಕ್ಕೆ ಇಷ್ಟೊಂದು ಗೊಡವೆಯೇಕೆ ಎನ್ನಬಹುದು. ಹದಿನೈದು ಅಂಗುಲ ವ್ಯಾಸದ ರಿಮ್ಮಿನಲ್ಲಿ ಈ ವ್ಯತ್ಯಾಸ ಕಾಲು ಅಂಗುಲಕ್ಕೇರಿತೆನ್ನೋಣ. ಆಗ ಪ್ರತಿಯೊಂದು ಚಕ್ರವೂ ಒಂದು ಮೈಲಿ ಹೋಗುವಷ್ಟರಲ್ಲಿ 44 ಅಡಿ ಅಡ್ಡಡ್ಡವಾಗಿ ಉಜ್ಜಿಕೊಂಡು ಹೋಗುತ್ತದೆ. ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ ಅಂಗೈ ಆಡಿಸಿದಾಗ ಗರಗಸದ ಹಲ್ಲಿನಂತೆ ಚುಚ್ಚಿ, ಹೊರಗಿನಿಂದ ಒಳಕ್ಕೆ ನುಣುಪಾಗಿದ್ದರೆ ಟೋ-ಇನ್ ಹೆಚ್ಚಾಗಿದೆ, ವಿಪರ್ಯಾಸವಾಗಿದ್ದರೆ ಕಡಿಮೆಯಾಗಿದೆ.

ಆದರೆ ಸ್ಪ್ಯಾನರಿಗೆ ಕೈಹಾಕುವ ಮುನ್ನ ಮಾಡಬೇಕಾದ ಪರೀಕ್ಷೆಯೊಂದಿದೆ. ಹಿಂದಿನ ಚಕ್ರಗಳಿಗೆ ಕಲ್ಲು ಒಡ್ಡಿ, ಮುಂದಿನ ಚಕ್ರವನ್ನು ಜ್ಯಾಕಿನಿಂದೆತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಬೇಕು. ಅಲುಗಿದರೆ ಇನ್ನೊಬ್ಬರಿಂದ ಬ್ರೇಕು ತುಳಿಸಿ ಮತ್ತೆ ಅಲುಗಿಸಬೇಕು. ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಚಕ್ರವನ್ನು ಹೊತ್ತಿರುವ ಕೀಲಿನದು. ಮೈನರಿನಲ್ಲಿ ಈ ಕೀಲಿನ ತುದಿಗಳು ಮರೆಯಿರುವ ಟ್ರನಿಯನ್ನುಗಳಲ್ಲಿ ಕೂತಿರುತ್ತವೆ. ಗ್ರೀಸು ಕಾಣದೆ ಮರೆ ಸವೆದುಹೋದರೆ, ಓಡುತ್ತಿರುವಾಗಲೇ ಕೀಲು ಕಳಚಿ, ಚಕ್ರ ಗಾಡಿಯ ಕೆಳಗೆ ಮಡಿಚಿಕೊಳ್ಳುತ್ತದೆ. ಅಂತಹ ಗಾಡಿಗೆ ಟೋ-ಇನ್ ಸರಿಪಡಿಸುವುದು ಗೋಡೆ ಬೀಳುತ್ತಿರುವಾಗ ಸುಣ್ಣ ಬಳಿದಂತೆ. ಅದನ್ನು ಬಲ್ಲ ಕೆಲಸಗಾರನ ಬಳಿಗೆ ಕಳುಹಿಸುವುದೇ ಸರಿ.

ಅಲುಗಾಟವಿಲ್ಲವೆಂದು ಖಚಿತವಾದ ಮೇಲೆ, ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಗಾಡಿಯನ್ನು ಸಮತಟ್ಟಾದ ಗಾರೆನೆಲದ ಮೇಲೆ ನಿಲ್ಲಿಸಬೇಕು. ಎತ್ತಿದ ಚಕ್ರವನ್ನು ತಿರುಗಿಸುತ್ತ, ಕದಲದಂತೆ ಊರಿ ಹಿಡಿದ ಮೊಳೆಯಿಂದ ಟೈರಿನ ನಡುವೆ ಸುತ್ತಲೂ ಸಣ್ಣ ಗೆರೆಯೆಳೆಯಬೇಕು. ರಿಮ್ಮು ಕೊಂಚ ಸೊಟ್ಟಗಿದ್ದರೂ ಈ ಗೆರೆ ಮೋಸ ಮಾಡುವುದಿಲ್ಲ. ಎರಡು ಚಕ್ರಗಳಿಗೂ ಹೀಗೆ ಮಾಡಿ ಕೆಳಗಿಳಿಸಿ, ಚುಕ್ಕಾಣಿಯನ್ನು ನೇರಮಾಡಿ, ಗಾಡಿಯನ್ನು ಹತ್ತು ಹನ್ನೆರಡು ಅಡಿ ಮುಂದಕ್ಕೆ ತಳ್ಳಿ, ಬ್ರೇಕು ಹಾಕದೆ ನಿಲ್ಲಿಸಬೇಕು. ಹಿಂದಕ್ಕೆ ತಳ್ಳಿದರೆ ಕೀಲುಗಳ ಬಿಗಿತ ತಲೆಕೆಳಗಾಗಿ ಅಳತೆ ಕೆಡುತ್ತದೆ. ಬಳಿಕ ಅಚ್ಚಿನ ಎತ್ತರದಲ್ಲಿ, ಟೈರಿನ ಮುಂದೆಯೂ ಹಿಂದೆಯೂ, ಆ ಗೆರೆಯಿಂದ ಗಾರೆಯವರ ತೂಗುಗುಂಡನ್ನು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಬೇಕು. ಮುಂದಿನ ಗುರುತುಗಳ ಅಂತರವನ್ನು ಹಿಂದಿನವುಗಳ ಅಂತರದಿಂದ ಕಳೆದರೆ ಉಳಿಯುವುದೇ ಟೋ-ಇನ್. ಇಲ್ಲೊಂದು ಎಚ್ಚರಿಕೆ: ನಾವು ಅಳೆದುದು ಟೈರಿನ ಅಂಚಿನಲ್ಲಿ, ಪುಸ್ತಕದ ಅಳತೆ ರಿಮ್ಮಿನದು. ಟೈರಿನ ವ್ಯಾಸ 24 ಅಂಗುಲವಾದರೆ 2.4 ಮಿಲಿಮೀಟರಿಗೆ ಬದಲು ಸುಮಾರು 3.8 ಬರಬೇಕು.

ಸರಿಪಡಿಸುವ ಕೆಲಸ ಚುಕ್ಕಾಣಿಯ ರ‍್ಯಾಕಿನಿಂದ ಚಕ್ರಗಳಿಗೆ ಹೋಗುವ ಎರಡು ಟೈ ರಾಡುಗಳದು. ಲಾಕ್ ನಟ್ಟನ್ನೂ, ರಬ್ಬರಿನ ಚೀಲ ತಿರುಚಿಕೊಳ್ಳದಂತೆ ಅದರ ಕ್ಲಿಪ್ಪನ್ನೂ ಸಡಿಲಿಸಿ, ರಾಡನ್ನು ತಿರುಗಿಸಬೇಕು. ರಾಡು ಅಚ್ಚಿನ ಹಿಂದಿದ್ದರೆ ಉದ್ದವಾದಷ್ಟೂ ಟೋ-ಇನ್ ಹೆಚ್ಚುತ್ತದೆ, ಮುಂದಿದ್ದರೆ ಕಡಿಮೆಯಾಗುತ್ತದೆ. ಎರಡು ರಾಡುಗಳನ್ನೂ ಸಮವಾಗಿಯೇ ತಿರುಗಿಸಬೇಕೆಂಬುದನ್ನು ನಾವು ಕಹಿಯಾದ ಅನುಭವದಿಂದ ಕಲಿತೆವು. ಲೇಸರ್ ಯಂತ್ರವಿದ್ದ ಕಾರ್ಖಾನೆಯೊಂದರಲ್ಲಿ ನಮ್ಮ ಗಾಡಿಯ ಒಂದೇ ರಾಡನ್ನು ತಿರುಗಿಸಿ ಲೆಕ್ಕ ಸರಿತೋರಿಸಿದರು. ಯಂತ್ರ ಒಪ್ಪಿತು, ಗಾಡಿ ಒಪ್ಪಲಿಲ್ಲ. ನೇರವಾಗಿ ಓಡುವಾಗ ಚುಕ್ಕಾಣಿ ಸೊಟ್ಟಗೆ ನಿಂತಿತು, ಎಡಕ್ಕೆ ತಿರುಗಿದಷ್ಟು ಬಲಕ್ಕೆ ತಿರುಗದಾಯಿತು. ಮನೆಯಲ್ಲಿ ತೂಗುಗುಂಡು ಹಿಡಿದು ಎರಡು ಸಂಜೆ ಕೂತು ಅದನ್ನು ಸರಿಮಾಡಿಕೊಳ್ಳಬೇಕಾಯಿತು.

ನಟ್ಟುಗಳನ್ನು ಬಿಗಿಮಾಡುವಾಗಲೇ ರಾಡು ಕೊಂಚ ತಿರುಗುವುದುಂಟು. ಆದುದರಿಂದ ಬಿಗಿಮಾಡಿದ ಮೇಲೆ ಗಾಡಿಯನ್ನು ಮತ್ತೆ ಮುಂದಕ್ಕೆ ತಳ್ಳಿ ಇನ್ನೊಮ್ಮೆ ಅಳೆದು, ಜನಸಂಚಾರವಿಲ್ಲದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು. ನೂರಿನ್ನೂರು ಮೈಲಿ ಕಳೆದ ಬಳಿಕ ಟೈರಿನ ಮೇಲೆ ಮತ್ತೊಮ್ಮೆ ಅಂಗೈ ಆಡಿಸುವುದನ್ನು ಮರೆಯಬಾರದು.