ಗಣಕಯಂತ್ರದ ಮಂದಗತಿ ಮತ್ತು ಕರೆಯದೆ ಬರುವ ತಂತ್ರಾಂಶಗಳು

ಇಂದು ನಮ್ಮ ಮನೆಗಳಲ್ಲಿ ಗಣಕಯಂತ್ರವು ಅಪರೂಪದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ವಿದ್ಯಾಭ್ಯಾಸ, ಹಿರಿಯರ ಪತ್ರವ್ಯವಹಾರ, ಬ್ಯಾಂಕಿನ ಲೆಕ್ಕಪತ್ರ, ದೂರದೇಶದಲ್ಲಿರುವ ಮಕ್ಕಳು ಮೊಮ್ಮಕ್ಕಳೊಡನೆ ಮುಖ ನೋಡಿ ಆಡುವ ಮಾತು, ಇವೆಲ್ಲವೂ ಅದರ ಮೂಲಕ ನಡೆಯುತ್ತಿವೆ. ಆದರೆ ಕೊಂಡ ಹೊಸದರಲ್ಲಿ ಚುರುಕಾಗಿದ್ದ ಯಂತ್ರವು ಕೆಲವು ವರ್ಷಗಳಲ್ಲಿಯೇ ಮಂದವಾಗುವುದು ಬಹುಜನರ ಅನುಭವ. ಗುಂಡಿಯನ್ನೊತ್ತಿದ ಮೇಲೆ ಅದು ಕೆಲಸಕ್ಕೆ ಅಣಿಯಾಗಲು ಹಲವು ನಿಮಿಷ ಕಾಯಬೇಕಾಗುತ್ತದೆ. ಆಗ ಮನೆಯವರು ‘ಯಂತ್ರಕ್ಕೆ ವಯಸ್ಸಾಯಿತು, ಹೊಸದನ್ನು ಕೊಳ್ಳೋಣ’ ಎಂದು ನಿಶ್ಚಯಿಸುತ್ತಾರೆ. ಸಾವಿರಾರು ರೂಪಾಯಿಗಳನ್ನು ವ್ಯಯಿಸುವ ಮುನ್ನ ಒಂದು ಸಂಗತಿಯನ್ನು ವಿಚಾರಿಸಿ ನೋಡುವುದು ವಿವೇಕ. ಅನೇಕ ವೇಳೆ ಮಂದಗತಿಗೆ ಕಾರಣ ಯಂತ್ರದ ಮುಪ್ಪಲ್ಲ. ಅದು ಎಚ್ಚರಗೊಳ್ಳುವಾಗಲೇ ತಾವೂ ಎದ್ದು ಕೂರುವ ತಂತ್ರಾಂಶಗಳ ಸಂದಣಿ.

ಸಂದಣಿ ಉಂಟಾಗುವುದು ಹೇಗೆ?

ಒಂದು ತಂತ್ರಾಂಶವನ್ನು ಯಂತ್ರದಲ್ಲಿ ಅಳವಡಿಸಿದಾಗ, ಅದು ನಮಗೆ ಬೇಕಾದ ಕೆಲಸದ ಜೊತೆಗೆ ಇನ್ನೊಂದನ್ನೂ ಸದ್ದಿಲ್ಲದೆ ಮಾಡಿರಬಹುದು. ‘ಯಂತ್ರವು ಆರಂಭವಾದಾಗಲೆಲ್ಲ ಎಬ್ಬಿಸಬೇಕಾದವರು’ ಎಂಬ ಪಟ್ಟಿಯಲ್ಲಿ ತನ್ನ ಹೆಸರನ್ನು ಬರೆದುಕೊಳ್ಳುತ್ತದೆ. ಹಾಡು ಕೇಳಿಸುವುದು, ಸಂದೇಶ ಕಳುಹಿಸುವುದು, ಆಟವಾಡಿಸುವುದು, ಹೊಸ ಆವೃತ್ತಿ ಬಂದಿದೆಯೇ ಎಂದು ವಿಚಾರಿಸುವುದು ಹೀಗೆ ಒಂದೊಂದಾಗಿ ಹತ್ತು ಹದಿನೈದು ಕೂಡಿಕೊಳ್ಳುತ್ತವೆ. ಇವೆಲ್ಲವನ್ನೂ ಡಿಸ್ಕಿನಿಂದ ಓದಿ ಸ್ಮೃತಿಕೋಶದಲ್ಲಿ ಏಕಕಾಲಕ್ಕೆ ಇಳಿಸಬೇಕಾದುದರಿಂದ, ಯಜಮಾನನ ಕೆಲಸವು ಹಿಂದಕ್ಕೆ ಸರಿಯುತ್ತದೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ ಡಿಸ್ಕ್ ಉಳ್ಳ ಯಂತ್ರಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆ ಬಳಿಕವೂ ಅವು ಸುಮ್ಮನೆ ಹೋಗುವುದಿಲ್ಲ. ತೆರೆಯ ಹಿಂದೆ ಕುಳಿತು ಸ್ಮೃತಿಕೋಶದ ಜಾಗವನ್ನು ಹಿಡಿದಿರುತ್ತವೆ.

ಈ ಏರ್ಪಾಡು ಹೊಸದಲ್ಲ. ಡಾಸ್ ಕಾಲದಲ್ಲಿ ಆಟೋಎಕ್ಸೆಕ್ ಎಂಬ ಕಡತದಲ್ಲಿ ಬರೆದ ಆಜ್ಞೆಗಳನ್ನು ಯಂತ್ರವು ಆರಂಭದಲ್ಲಿ ತಾನಾಗಿ ಪಾಲಿಸುತ್ತಿತ್ತು. ಆ ಕಡತವನ್ನು ಯಾರು ಬೇಕಾದರೂ ತೆರೆದು ಓದಬಹುದಾಗಿತ್ತು. ೧೯೯೫ರ ವಿಂಡೋಸ್ ೯೫ರಲ್ಲಿ ಸ್ಟಾರ್ಟ್‌ಅಪ್ ಎಂಬ ಕಡತಕೋಶವು ಕಣ್ಣಿಗೆ ಕಾಣುವಂತಿದ್ದರೂ, ರಿಜಿಸ್ಟ್ರಿ ಎಂಬ ದಾಖಲೆಯೊಳಗೂ ಇಂತಹ ಹೆಸರುಗಳು ಸೇರತೊಡಗಿ ಸಾಮಾನ್ಯರ ದೃಷ್ಟಿಗೆ ಮರೆಯಾದವು. ೧೯೯೮ರ ವಿಂಡೋಸ್ ೯೮ರಲ್ಲಿ ಎಂಎಸ್‌ಕಾನ್ಫಿಗ್ ಎಂಬ ಸಲಕರಣೆ ಬಂದ ಮೇಲೆ ಪಟ್ಟಿಯನ್ನು ನೋಡಿ ಬೇಡವಾದುದನ್ನು ತಡೆಯುವುದು ಸುಲಭವಾಯಿತು. ೨೦೧೨ರ ವಿಂಡೋಸ್ ೮ರಿಂದ ಈಚೆಗೆ ಆ ಪಟ್ಟಿಯು ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಗುತ್ತದೆ.

ತಡೆಯುವ ಕ್ರಮ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಸ್ಟಾರ್ಟ್‌ಅಪ್’ ವಿಭಾಗಕ್ಕೆ ಹೋಗಬೇಕು. ಪ್ರತಿ ಹೆಸರಿನ ಮುಂದೆ ಅದು ಆರಂಭದ ಮೇಲೆ ಹೊರಿಸುವ ಭಾರವನ್ನು ಹೈ, ಮೀಡಿಯಂ, ಲೋ ಎಂದು ಸೂಚಿಸಿರುತ್ತದೆ. ಆರಂಭದಲ್ಲಿ ಸಂಸ್ಕಾರಕದ ಒಂದು ಸೆಕೆಂಡಿಗಿಂತ ಹೆಚ್ಚು ಸಮಯವನ್ನಾಗಲಿ, ಡಿಸ್ಕಿನ ೩ ಮೆಗಾಬೈಟಿಗಿಂತ ಹೆಚ್ಚು ವ್ಯವಹಾರವನ್ನಾಗಲಿ ಬೇಡುವುದು ‘ಹೈ’ ಎನಿಸಿಕೊಳ್ಳುತ್ತದೆ. ಬೇಡವಾದ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ‘ಡಿಸೇಬಲ್’ ಎಂಬುದನ್ನು ಆರಿಸಿದರೆ ಸಾಕು. ವಿಂಡೋಸ್ ೧೦ ಮತ್ತು ೧೧ರಲ್ಲಿ ಸೆಟ್ಟಿಂಗ್ಸ್, ಆಪ್ಸ್, ಸ್ಟಾರ್ಟ್‌ಅಪ್ ಎಂಬ ದಾರಿಯಿಂದಲೂ ಇದೇ ಕೆಲಸ ನೆರವೇರುತ್ತದೆ.

ಇಲ್ಲಿ ಭಯಕ್ಕೆ ಕಾರಣವಿಲ್ಲ. ತಡೆಯುವುದೆಂದರೆ ಅಳಿಸುವುದಲ್ಲ. ತಂತ್ರಾಂಶವು ಯಂತ್ರದಲ್ಲಿಯೇ ಇರುತ್ತದೆ. ನಾವು ಕರೆದಾಗ ಬರುತ್ತದೆ, ಕರೆಯದಿದ್ದರೆ ಬರುವುದಿಲ್ಲ. ಬೇಕೆನಿಸಿದರೆ ಅದೇ ಸ್ಥಳದಲ್ಲಿ ‘ಎನೇಬಲ್’ ಎಂದು ಮತ್ತೆ ಅನುಮತಿ ನೀಡಬಹುದು.

ಆದರೂ ವಿಚಾರವಿಲ್ಲದೆ ಎಲ್ಲವನ್ನೂ ತಡೆಯುವುದು ಸಲ್ಲದು. ವೈರಸ್ಸುಗಳಿಂದ ಕಾಯುವ ರಕ್ಷಣಾ ತಂತ್ರಾಂಶ, ಧ್ವನಿ ಮತ್ತು ಸ್ಪರ್ಶಫಲಕಗಳಿಗೆ ಸಂಬಂಧಿಸಿದವು ಇರಬೇಕು. ಛಾಯಾಚಿತ್ರಗಳನ್ನು ದೂರದ ಸಂಗ್ರಹಕ್ಕೆ ತಾನಾಗಿ ಕಳುಹಿಸುವ ತಂತ್ರಾಂಶವನ್ನು ತಡೆದರೆ, ನಾವೇ ಅದನ್ನು ತೆರೆಯುವವರೆಗೆ ಆ ಪ್ರತಿಯೂ ನಿಲ್ಲುತ್ತದೆ. ಕನ್ನಡದಲ್ಲಿ ಬೆರಳಚ್ಚು ಮಾಡುವವರು ಇನ್ನೊಂದನ್ನು ಗಮನಿಸಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳು ಆರಂಭದಲ್ಲಿಯೇ ಏಳುವಂತೆ ಇಟ್ಟುಕೊಂಡಿದ್ದರೆ, ಅವನ್ನು ತಡೆದ ಮೇಲೆ ನಾವೇ ತೆರೆಯುವವರೆಗೆ ಕನ್ನಡದ ಅಕ್ಷರಗಳು ಮೂಡುವುದಿಲ್ಲ. ಹೆಸರು ಪರಿಚಯವಿಲ್ಲದಿದ್ದರೆ ಅದರ ಮೇಲೆ ಬಲಗುಂಡಿಯನ್ನೊತ್ತಿ ಅದು ಯಾವ ಕಡತವೆಂಬುದನ್ನು ನೋಡಬಹುದು, ಬಲ್ಲವರನ್ನು ಕೇಳಬಹುದು. ಒಮ್ಮೆಗೆ ಒಂದೆರಡನ್ನು ಮಾತ್ರ ತಡೆದು, ಹೆಸರುಗಳನ್ನು ಒಂದು ಕಾಗದದಲ್ಲಿ ಗುರುತು ಹಾಕಿಕೊಂಡು, ಯಂತ್ರವನ್ನು ಮತ್ತೆ ಆರಂಭಿಸಿ ಪರೀಕ್ಷಿಸುವುದು ಉತ್ತಮ ಕ್ರಮ.

ಇಷ್ಟಾದರೂ ವೇಗ ಹೆಚ್ಚದಿದ್ದರೆ ದೋಷವು ಬೇರೆಡೆ ಇರಬಹುದು. ಹಳೆಯ ಹಾರ್ಡ್‌ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಹಾಕಿಸುವುದು ಹೊಸ ಯಂತ್ರವನ್ನು ಕೊಳ್ಳುವುದಕ್ಕಿಂತ ಕಡಿಮೆ ವೆಚ್ಚದ ಉಪಾಯ.

ಇದು ಕೇವಲ ವೇಗದ ಮಾತಲ್ಲ. ಹಣ ಕೊಟ್ಟು ತಂದ ಯಂತ್ರದಲ್ಲಿ ಯಾವುದು ನಡೆಯಬೇಕು, ಯಾವುದು ನಡೆಯಬಾರದು ಎಂಬುದನ್ನು ನಿರ್ಣಯಿಸುವ ಅಧಿಕಾರ ಮನೆಯವರಿಗೆ ಸೇರಿದ್ದು. ತಂತ್ರಾಂಶವನ್ನು ಅಳವಡಿಸುವಾಗ ಬರುವ ಪುಟಗಳನ್ನು ಓದದೆ ‘ನೆಕ್ಸ್ಟ್’ ಒತ್ತುತ್ತ ಹೋದರೆ ಆ ಅಧಿಕಾರವನ್ನು ನಾವಾಗಿಯೇ ಬಿಟ್ಟುಕೊಟ್ಟಂತೆ. ‘ಆರಂಭದಲ್ಲಿ ತೆರೆಯಲಿ’ ಎಂಬ ಚೌಕದಲ್ಲಿ ಮೊದಲೇ ಗುರುತು ಹಾಕಿರುವುದುಂಟು. ಅದನ್ನು ಅಳಿಸಿ ಮುಂದುವರಿಯಬೇಕು. ಕೆಲವು ತಂತ್ರಾಂಶಗಳು ನವೀಕರಣಗೊಂಡಾಗ ಮತ್ತೆ ಪಟ್ಟಿಗೆ ಸೇರಿಕೊಳ್ಳುವುದರಿಂದ, ಎರಡು ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ನೋಡುವ ಅಭ್ಯಾಸ ಒಳ್ಳೆಯದು. ಮನೆಯ ಹಿರಿಯರೂ ಮಕ್ಕಳೂ ಒಂದು ರವಿವಾರ ಜೊತೆಯಾಗಿ ಕುಳಿತು ಇದನ್ನು ಮಾಡಿದರೆ ಹಿರಿಯರಿಗೆ ವಿದ್ಯೆಯೂ ಮಕ್ಕಳಿಗೆ ಜವಾಬ್ದಾರಿಯೂ ಒದಗುತ್ತವೆ. ಅರ್ಧ ಗಂಟೆಗಿಂತ ಹೆಚ್ಚು ಸಮಯ ಹಿಡಿಯುವ ಕೆಲಸ ಇದಲ್ಲ.