ಓಣಿಗೆ ಮರಳಿದ ಖಾನಾವಳಿ

1975ರಲ್ಲಿ ಮುಂಬಯಿಯ ಗಿರಣಿ ಪ್ರದೇಶದ 14 ಮಂದಿ ಹೆಂಗಸರು ಬ್ಯಾಂಕಿನಿಂದ ಸಾಲ ಪಡೆದರು. ಅಡವಿಡಲು ಅವರ ಹತ್ತಿರ ಹೊಲವಿರಲಿಲ್ಲ, ಬಂಗಾರವೂ ಇರಲಿಲ್ಲ. ಇದ್ದದ್ದು ಚಾಳಿನಲ್ಲೊಂದು ಕೋಣೆ, ಒಂದು ಒಲೆ, ಪಾಳಿ ಮುಗಿಸಿ ಉಣ್ಣಲು ಬರುವ ಗಿರಣಿ ಕಾರ್ಮಿಕರು. ಆ ಕಾರ್ಮಿಕರು ಹೆಚ್ಚಿನವರು ಹೆಂಡಿರು ಮಕ್ಕಳನ್ನು ಕೊಂಕಣದಲ್ಲೋ ಘಟ್ಟದ ಮೇಲಿನ ಹಳ್ಳಿಗಳಲ್ಲೋ ಬಿಟ್ಟು ಬಂದವರು. ಅವರು ಊಟದ ದುಡ್ಡು ಕೊಡುತ್ತಿದ್ದದ್ದು ಪಗಾರವಾದ ಮೇಲೆ. ಅಲ್ಲಿಯವರೆಗೆ ಈ ಹೆಂಗಸರು ಕಿರಾಣಿ ಅಂಗಡಿಯಲ್ಲಿ ಉದ್ರಿ ತರಬೇಕು, ಬಡ್ಡಿಯವನಿಗೆ ಕೈ ಒಡ್ಡಬೇಕು. ಮುಷ್ಕರ ಬಂದಾಗ ಪಗಾರ ನಿಂತಿತು, ಹಸಿವು ನಿಲ್ಲಲಿಲ್ಲ. ಸ್ವಾತಂತ್ರ್ಯ ಹೋರಾಟಗಾರ್ತಿ ಪ್ರೇಮಾ ಪುರವ್ ಇವರನ್ನೆಲ್ಲ ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಒಬ್ಬಳ ಸಾಲಕ್ಕೆ ಇನ್ನೊಬ್ಬಳು ಜಾಮೀನು.

ಬೈಲಹೊಂಗಲದಲ್ಲಿ ಕೂತು ಈ ಸಂಗತಿ ಓದಿದಾಗ ನನಗೆ ಕಂಡದ್ದು ನಮ್ಮದೇ ಖಾನಾವಳಿಯ ಪಡಸಾಲೆ. 1956ರ ನವೆಂಬರ್ 1ರವರೆಗೆ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯಕ್ಕೇ ಸೇರಿತ್ತು. ರಾಮದುರ್ಗ ಮಾತ್ರ 1948ರವರೆಗೆ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನ. ಕಚೇರಿ, ಕಾಗದಪತ್ರ, ನಾಟಕ, ಹಾಡು ಎಲ್ಲವೂ ಆ ಕಡೆಗೂ ಈ ಕಡೆಗೂ ಓಡಾಡಿದ ಸೀಮೆ ಇದು. ಖಾನಾವಳಿಯ ಪದ್ಧತಿಯೂ ಅದೇ ದಾರಿಯದು: ಮನೆಯ ಮುಂದಿನ ಕೋಣೆಯಲ್ಲಿ ಪಂಕ್ತಿ, ಒಳಗಿನ ಒಲೆಯಲ್ಲಿ ಅಡಿಗೆ, ತಿಂಗಳಿಗೊಮ್ಮೆ ಲೆಕ್ಕ.

ಅದಕ್ಕೂ ಮೊದಲು ನಮ್ಮ ಕಡೆ ಊರು ಬಿಟ್ಟು ಹೊರಟವರ ಹೆಗಲ ಮೇಲೆ ಬುತ್ತಿ ಇರುತ್ತಿತ್ತು. ಬೈಲಹೊಂಗಲದ ಪೇಟೆಗೆ ಹತ್ತಿ ಹೇರಿಕೊಂಡು ಬಂದ ರೈತರು ಚಕ್ಕಡಿಯ ನೆರಳಲ್ಲಿ ಗಂಟು ಬಿಚ್ಚುತ್ತಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಂತೂ ಇಂದಿಗೂ ಜನ ತಾವೇ ಒಲೆ ಹೂಡಿ, ಹೋಳಿಗೆ ಕಡಬು ಮಾಡಿ, ಪಡ್ಡಲಗಿ ತುಂಬಿಸಿ, ಆಮೇಲೆ ಉಣ್ಣುತ್ತಾರೆ. ಕಲಿಯಲು ಹೋದ ಹಳ್ಳಿ ಹುಡುಗರಿಗೆ ವಾರಾನ್ನವಿತ್ತು. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠಗಳ ಉಚಿತ ಪ್ರಸಾದ ನಿಲಯಗಳಿದ್ದವು. ಅನ್ನ ನೀಡುವುದು ದಾಸೋಹ ಎಂದು ನಂಬಿದ ನೆಲದಲ್ಲಿ ಅದಕ್ಕೆ ಬೆಲೆ ಕಟ್ಟಿ ಮಾರಲು ಮೊದಲು ಮನಸ್ಸು ಮಾಡಿದ ಹೆಣ್ಣುಮಗಳಿಗೆ ಎಷ್ಟು ಗಟ್ಟಿ ಎದೆ ಬೇಕಾಗಿತ್ತೆಂದು ನಾನು ಆಗಾಗ ಯೋಚಿಸುತ್ತೇನೆ. ‘ಖಾನಾವಳಿ ಚೆನ್ನಿ’ ಎಂಬ ಹೆಸರಿನ ಕಂಪನಿ ನಾಟಕವೇ ಬಂತು. ಊರಿಗೆಲ್ಲ ಉಣಬಡಿಸುವವಳಿಗೆ ಕೊನೆಗೂ ಒಂದು ಶೀರ್ಷಿಕೆ ಸಿಕ್ಕಿತಲ್ಲ ಎಂದು ನನಗೆ ಸಮಾಧಾನ.

ವರ್ಗವಾಗಿ ಬಂದ ಮಾಸ್ತರರು, ಗುಮಾಸ್ತರು, 1969ರ ರಾಷ್ಟ್ರೀಕರಣದ ನಂತರ ಸಣ್ಣ ಊರುಗಳಿಗೂ ಬಂದ ಬ್ಯಾಂಕಿನವರು, ಇವರೆಲ್ಲ ಖಾನಾವಳಿಯ ಗಿರಾಕಿಗಳು. ಹೋಟೆಲೆಂದರೆ ನಮಗೆ ಚಹಾ, ಭಜಿ, ಗಿರಮಿಟ್ಟು. ಊಟವೆಂದರೆ ಖಾನಾವಳಿ.

ಆಮೇಲೆ ಹೆದ್ದಾರಿ ಅಗಲವಾಯಿತು. ಪುಣೆ–ಬೆಂಗಳೂರು ರಸ್ತೆ ನಾಲ್ಕು ಪಥವಾದ ಮೇಲೆ ಕಿತ್ತೂರಿನ ಆಚೀಚೆ ಧಾಬಾಗಳು ಎದ್ದವು. ಊಟ ಕಾರಿನ ಹಿಂದೆ ಹೋಯಿತು. ಚೆನ್ನಮ್ಮನ ಕೋಟೆ ನೋಡಲು ಬಂದವರು ಊರೊಳಗೆ ಕಾಲಿಡದೆ ಹೆದ್ದಾರಿಯ ಬದಿಯಲ್ಲೇ ಬೆಣ್ಣೆ ನಾನ್ ತಿಂದು ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಿತ್ತೂರಿಗೆ ಬಂದು ರೊಟ್ಟಿ ಉಣ್ಣದೆ ಹೋಗುವುದೆಂದರೇನು? ಊರೊಳಗಿನ ಹಳೆಯ ಖಾನಾವಳಿಗಳು ಆ ದಿನಗಳಲ್ಲಿ ಒಂದೊಂದಾಗಿ ಬಾಗಿಲು ಮುಚ್ಚಿದವು. ನನ್ನ ಕಾಲೇಜು ದಿನಗಳ ಖಾನಾವಳಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ.

ಖಾನಾವಳಿಗಳ ಒಲೆ ಮತ್ತೆ ಹೊತ್ತಿದ್ದಕ್ಕೆ ಅಕ್ಕಿಯೂ ಒಂದು ಕಾರಣವೆಂದು ನನ್ನ ಎಣಿಕೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದ ಮೇಲೆ ಮನೆಮನೆಗೆ ಅಕ್ಕಿ ತಲುಪಿತು. ಜೋಳ ತುಟ್ಟಿಯಾಯಿತು, ರೊಟ್ಟಿ ಬಡಿಯುವ ಕೈಗಳೂ ಕಡಿಮೆಯಾದವು. ಆದರೆ ನಾಲಿಗೆ ರೊಟ್ಟಿಯನ್ನೇ ಕೇಳಿತು. ಸ್ತ್ರೀಶಕ್ತಿ ಗುಂಪುಗಳ ಹೆಂಗಸರು ರೊಟ್ಟಿ ಮಾರಲು ಕೂತರು. ರೊಟ್ಟಿ ಕೊಳ್ಳಲು ಬಂದವರು ಪಲ್ಯ ಕೇಳಿದರು, ಪಲ್ಯ ಒಯ್ದವರು “ಇಲ್ಲೇ ಕುಂತು ಉಣ್ಣಬಹುದೇನ್ರಿ?” ಅಂದರು.

ನಮ್ಮ ಓಣಿಯ ತುದಿಯ ಮನೆ ಹಾಗೆ ಖಾನಾವಳಿಯಾಯಿತು. ಫಲಕವಿಲ್ಲ. ಮಧ್ಯಾಹ್ನ ರೊಟ್ಟಿ ಬಡಿಯುವ ಸಪ್ಪಳವೇ ಗುರುತು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೇ ಆ ಮನೆಯ ಅಕ್ಕ ಕುದಿಯುವ ಎಸರು ಹಾಕಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ನಾದುತ್ತಾರೆ. ಅಂಗೈಯ ಹೊಡೆತಕ್ಕೆ ಮುದ್ದೆ ತಾನೇ ತಿರುಗುತ್ತ ಹಿಗ್ಗುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರಿ, ಆ ನೀರು ಆರುವ ಹೊತ್ತಿಗೆ ಮಗುಚುತ್ತಾರೆ. ರೊಟ್ಟಿ ಉಬ್ಬಿದಾಗ ತಾಟಿಗೆ. ಜೊತೆಗೆ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯದ ತಪ್ಪಲು.

“ಇನ್ನೊಂದು ಹಾಕ್ಲೇನ್ರಿ ಸರ?”

“ಸಾಕ್ರಿ ಅಕ್ಕಾರ.”

“ಅರ್ಧಾರ ತಗೋರಿ. ಬಿಸಿ ಐತಿ.”

ಈ ಅರ್ಧ ರೊಟ್ಟಿ ಯಾವ ಧಾಬಾದಲ್ಲಿ ಸಿಗುತ್ತದೆ, ಹೇಳಿ.

ಸವದತ್ತಿಯಲ್ಲಿ ಕಥೆ ಬೇರೆ. 2023ರ ಜೂನ್ 11ರಿಂದ, ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯಲ್ಲಿ, ಬಸ್ಸುಗಳು ಹೆಂಗಸರಿಂದ ತುಂಬಿ ಬರತೊಡಗಿದವು. ಪಾತ್ರೆಪಗಡೆ ಹೊತ್ತು ತರದೆ ಬೆಳಿಗ್ಗೆ ಬಂದು ಸಂಜೆ ಮರಳುವವರಿಗೆ ಊಟ ಬೇಕು. ರಾಮದುರ್ಗದಲ್ಲಿ 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ಸುತ್ತಲಿನಿಂದ ಬಂದ ನೆರವಿನ ಗಂಟುಗಳಲ್ಲಿ ಖಡಕ್ ರೊಟ್ಟಿಯೇ ಹೆಚ್ಚು. ವಾರಗಟ್ಟಲೆ ಕೆಡದ ರೊಟ್ಟಿ ಅದು. ಅಲ್ಲಿಯ ನೇಕಾರರ ಓಣಿಗಳಲ್ಲಿ ಮಗ್ಗದ ಆದಾಯ ಇಳಿದಿರುವಾಗ ಈ ಕಸುಬು ಇನ್ನಷ್ಟು ಮನೆಗಳನ್ನು ನಡೆಸಬಲ್ಲದು. ಅದಕ್ಕೆ ಬೇಕಾದ್ದು ದೊಡ್ಡ ಮೊತ್ತವೇನಲ್ಲ. ಒಂದು ಗ್ಯಾಸ್ ಒಲೆ, ನಾಲ್ಕು ಮೇಜು, ಸುಗ್ಗಿಯಲ್ಲೇ ಜೋಳ ಕೊಂಡಿಡುವಷ್ಟು ದುಡ್ಡು. ಗಿರಣಿ ಓಣಿಯ ಆ 14 ಮಂದಿಗೆ ಸಿಕ್ಕ ಸಾಲ ನಮ್ಮ ತಾಲ್ಲೂಕುಗಳ ಹೆಣ್ಣುಮಕ್ಕಳಿಗೂ, ಹೊಲದ ಉತಾರ ಕೇಳದೆ, ಸಿಗಬೇಕು.

ನಮ್ಮ ಓಣಿಯ ಅಕ್ಕನ ಬಳಿ ಈಗ ತಿಂಗಳ ಲೆಕ್ಕದ ವಹಿಯೂ ಇದೆ. ಹೈಸ್ಕೂಲಿನ ಹೊಸ ಮಾಸ್ತರರು, ಆಸ್ಪತ್ರೆಯ ನರ್ಸುಗಳು, ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಇಬ್ಬರೇ ಉಳಿದ ಮುದುಕರು ಅದರಲ್ಲಿದ್ದಾರೆ. ಆ ಮುದುಕರಿಗೆ ಖಾರ ಕಡಿಮೆ ಮಾಡಿ ಬೇರೆ ಬೋಗುಣಿಯಲ್ಲಿ ಪಲ್ಯ ತೆಗೆದಿಡುತ್ತಾರೆ. ಅವರು ನಡೆದೇ ಬರುತ್ತಾರೆ. ಮಳೆ ಬಂದ ದಿನ ಅಕ್ಕನ ಮಗ ಡಬ್ಬಿ ಒಯ್ದು ಕೊಟ್ಟು ಬರುತ್ತಾನೆ.